ಬೆಟ್ಟದವರೆ ಸಿಡಿಯುವ ಸದ್ದು

ಆಗಸ್ಟ್ 19, 1987, ಬುಧವಾರ

ಎಂಟು ವಾರ! ಡಾಕ್ಟರು ಬೆರಳು ಮಡಚಿ ಎಣಿಸಿ ತೋರಿಸಿದರು. ಮಾತು ಕೂಡದು, ಪಿಸುಮಾತೂ ಕೂಡದು, ಹಾಡು ಗುನುಗಿದರೆ ಗಂಟಲು ಹೋದಂತೆಯೇ ಲೆಕ್ಕ. ಕೆಮ್ಮು ಬಂದರೆ ನೀರು ಕುಡಿದು ನುಂಗಿಕೊಳ್ಳಬೇಕಂತೆ. ಇದನ್ನೆಲ್ಲ ಹೇಳಿದ್ದು ಯಾರಿಗೆ? ನಿಕಾನೊರ್ ಕಿಹಾದಾನಿಗೆ. ಕಿಹಾದಾ ಅಂದರೆ ದವಡೆ. ನಮ್ಮ ಮನೆತನಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ವಾದೊ ಸೆಕೊ ಊರಿನಲ್ಲಿ ಕುದುರೆ ಓಟ ನಡೆದರೆ ಮೈಕು ಹಿಡಿಯುವವನು ನಾನು. ಮದುವೆಯಲ್ಲಿ ಹೆಣ್ಣುಗಂಡಿನ ಹೆಸರು ಕೂಗುವವನೂ ಹಬ್ಬದ ದಿನ ಲೊತೆರಿಯಾ ಆಟದ ಚೀಟಿ ಎತ್ತಿ ಒಂದೊಂದಕ್ಕೂ ಪದ ಕಟ್ಟುವವನೂ ನಾನೇ. ನಲವತ್ತೊಂಬತ್ತು ವರ್ಷದಲ್ಲಿ ನಾನು ಸುಮ್ಮನಿದ್ದದ್ದು ದೀಕ್ಷಾಸ್ನಾನದ ದಿನ ಮಾತ್ರ ಎಂದು ಅಮ್ಮ ಹೇಳುತ್ತಿದ್ದಳು, ಅದೂ ಪಾದ್ರಿ ಬಾಯಿಗೆ ಉಪ್ಪು ಹಾಕಿದ ಎರಡು ನಿಮಿಷ.

ತಪ್ಪು ನನ್ನದೇ ಅಂತೆ. ಜೂನ್‌ನಲ್ಲಿ ಗಂಟಲಿನ ಗಂಟು ಕೊಯ್ದು ತೆಗೆದಾಗಲೂ ಸುಮ್ಮನಿರಲು ಹೇಳಿದ್ದರು. ಮೂರನೇ ದಿನಕ್ಕೆ ಸೋದರಮಾವನ ಮಗನ ಮದುವೆ ಬಂದರೆ ನಾನೇನು ಮಾಡಲಿ? ಗಂಟು ಮತ್ತೆ ಬೆಳೆಯಿತು. ಈ ಸೋಮವಾರ ಮತ್ತೆ ಕೊಯ್ದರು. "ಈ ಸಲ ಬಾಯಿ ತೆಗೆದರೆ ಮುಂದೆ ಕಪ್ಪೆಯ ಹಾಗೆ ವಟಗುಟ್ಟಿಕೊಂಡು ಬದುಕಬೇಕಾಗತ್ತೆ" ಅಂದರು ಡಾಕ್ಟರು.

"ಊರಲ್ಲಿದ್ರೆ ನೀನು ಎಂಟು ನಿಮಿಷ ಬಾಯ್ಮುಚ್ಕೊಂಡಿರಲ್ಲ. ಬೆಟ್ಟಕ್ಕೆ ನಮ್ಮಮ್ಮನ ಹತ್ರ ಹೋಗಿರು. ಅಲ್ಲಿ ಕಲ್ಲು, ಓಕ್ ಮರ ಬಿಟ್ರೆ ಮಾತಾಡಿಸೋಕೆ ಯಾರೂ ಸಿಗಲ್ಲ" ಎಂದು ನನ್ನ ಹೆಂಡತಿ ಅಂಪಾರೊ ಬಟ್ಟೆ ಗಂಟು ಕಟ್ಟಿಕೊಟ್ಟಳು. ಅಂಪಾರೊ ಸ್ವಭಾವದಲ್ಲೇ ಮಾತು ಕಡಿಮೆ. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಹೇಳಿದ್ದು ನನಗೆ ನೆನಪಿಲ್ಲ. ಈ ನೋಟ್‌ಬುಕ್ಕನ್ನೂ ಅವಳೇ ಗಂಟಿನಲ್ಲಿ ತುರುಕಿದ್ದಳು. ಒಳಗಿರುವುದು ಎಲ್ಲಾದರೂ ಹೊರಬರಬೇಕಲ್ಲ, ಇಲ್ಲದಿದ್ದರೆ ಒಡೆದುಹೋಗುತ್ತೇನೆ ಅಂತ.

ಎಲೊಯ್ ತನ್ನ ಹೇಸರಗತ್ತೆಯ ಮೇಲೆ ನನ್ನನ್ನು ಹತ್ತಿಸಿಕೊಂಡು ಬಂದ. ಪಕ್ಕದ ಕಣಿವೆಯಲ್ಲಿ ದನ ಮೇಯಿಸಿಕೊಂಡಿರುವ ಆಸಾಮಿ, ವಾರಕ್ಕೊಮ್ಮೆ ಮುದುಕಿಗೆ ಹಿಟ್ಟು, ಕಾಫಿ ತಂದುಕೊಡುತ್ತಾನೆ. ಐದು ಗಂಟೆಯ ದಾರಿಯುದ್ದಕ್ಕೂ ಬಾಯಿಗೆ ಬಂದದ್ದು ಮಾತಾಡಿದ. "ಹೇಳು ನಿಕಾ, ಸುಳ್ಳಾ? ಸುಳ್ಳಾದ್ರೆ ಅಲ್ಲ ಅನ್ನು!" ಎಂದು ಪ್ರತಿ ತಿರುವಿನಲ್ಲೂ ನಕ್ಕ. ನನ್ನ ಎಪ್ಪತ್ತೆರಡರ ಓಟದ ವರ್ಣನೆಯೇ ತಪ್ಪಂತೆ! ಗೆದ್ದದ್ದು ಕಪ್ಪು ಕುದುರೆಯಂತೆ! ಉತ್ತರವೆಲ್ಲ ಹೊಟ್ಟೆಯಲ್ಲಿ ಹುಳಿ ಬರುತ್ತಿದೆ.

ಮುದುಕಿ ಲಿಬ್ರಾದಾ ಬಾಗಿಲಲ್ಲೇ ನಿಂತಿದ್ದಳು. ಎಪ್ಪತ್ತೊಂಬತ್ತಾದರೂ ಬಗ್ಗಿಲ್ಲ. ಮದುವೆಯಾದಾಗಿನಿಂದ ನನ್ನ ಕಡೆ ನೇರ ನೋಡಿ ನಾಲ್ಕು ಮಾತಾಡಿದವಳಲ್ಲ. ನಾನು ಎಷ್ಟು ತಮಾಷೆ ಮಾಡಿದರೂ ಮುಖ ಸಡಿಲಿಸುತ್ತಿರಲಿಲ್ಲ. ಇವತ್ತೂ ಅಷ್ಟೇ.

"ಬಂದ್ಯಾ? ಆ ಕೊಡ ತಗೊಂಡು ಊಟೆಯಿಂದ ನೀರು ತಾ" ಅಂದಳು.

ಆಗಸ್ಟ್ 22, ಶನಿವಾರ

ಬಂದ ನೆಂಟನಿಗೆ ಕೆಲಸ ಹಚ್ಚುವ ಮನೆ ಇದು. ಮುದುಕಿ ಮುಳ್ಳುಕೋಲುಗಳನ್ನು ಕಡಿದು ನನ್ನ ಬೆನ್ನಿಗೆ ಹೊರಿಸುತ್ತಾಳೆ. ಮನೆ ಹಿಂದಿನ ಇಳಿಜಾರಿನಲ್ಲಿ ಅವುಗಳನ್ನು ಒಂದರ ಪಕ್ಕ ಒಂದು ನೆಟ್ಟು ಬೇಲಿ ಕಟ್ಟಬೇಕು. ಒಳಗೆ ಏನಿದೆ? ಏನೂ ಇಲ್ಲ. ಬರಿ ಕಲ್ಲುಮಣ್ಣು.

ಏನು ಬೆಳೆಯುತ್ತೀಯ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳು ಕಣಿವೆಯ ಕಡೆ ಕೈ ತೋರಿಸಿದಳು. ಅಲ್ಲಿ ಓಕ್ ಮರಗಳ ಮೇಲೆ ಬೆಟ್ಟದವರೆಯ ಬಳ್ಳಿ ಹಬ್ಬಿತ್ತು. ಮಳೆ ಬಿದ್ದು ಆರು ವಾರವಾಗಿದೆ, ಆಗಲೇ ಎರಡಾಳೆತ್ತರ. ದಪ್ಪ ಎಲೆ, ನೇರಳೆಗೆಂಪು ಹೂವು. ಹಳಬರು ಕೊಕೊಲ್ಮೆಕಾ ಅನ್ನುತ್ತಾರೆ. ಚಳಿಗಾಲಕ್ಕೆ ಒಣಗಿ ಮಾಯವಾಗುತ್ತದೆ, ನೆಲದೊಳಗೆ ಗೆಡ್ಡೆ ಮಾತ್ರ ಉಳಿಯುತ್ತದೆ, ಮರುವರ್ಷದ ಮಳೆಗೆ ಮತ್ತೆ ಏಳುತ್ತದೆ. ಜಿಂಕೆ ತಿನ್ನುವ ಕಳೆ.

ಕಳೆಗೆ ಬೇಲಿ! ಈ ಒಂದು ಮಾತಿನ ಮೇಲೆ ನಾನು ಅರ್ಧ ಗಂಟೆ ಜನರನ್ನು ನಗಿಸಬಲ್ಲೆ. ಕೇಳುವವರಿಲ್ಲ.

ಆಗಸ್ಟ್ 27, ಗುರುವಾರ

ಇವತ್ತು ಒಳ್ಳೆ ಜಗಳ ನೋಡಲು ಸಿಕ್ಕಿತು. ಎಲೊಯ್‌ನ ಮಚ್ಚೆ ಹಸು ಕಣಿವೆಗಿಳಿದು ಒಂದು ಬಳ್ಳಿಯನ್ನು ಬುಡದವರೆಗೂ ತಿಂದುಹಾಕಿತ್ತು. ಹಿಟ್ಟಿನ ಚೀಲ ಹೊತ್ತು ಬಂದ ಎಲೊಯ್‌ನನ್ನು ಮುದುಕಿ ಅಂಗಳದಲ್ಲೇ ಹಿಡಿದಳು.

"ನಿನ್ನ ಹಸುಗೆ ಹುಲ್ಲು ಕಾಣಲ್ವೇನೋ? ಕಣ್ಣಿಗೆ ಪೊರೆ ಬಂದಿದ್ಯಾ, ಇಲ್ಲ ನಿನಗೆ ಬಂದಿದ್ಯಾ?"

"ಅಜ್ಜಿ, ಹಸು ಅಲ್ವಾ, ಅದಕ್ಕೇನು ಗೊತ್ತು?" ಎಲೊಯ್ ಅವಳ ಮುಖದ ಹತ್ತಿರವೇ ನಿಂತು ಅರಚಿದ.

"ಅದಕ್ಕೆ ಗೊತ್ತಿಲ್ಲ ಸರಿ. ನಿಮ್ಮಪ್ಪನಿಗೆ ಗೊತ್ತಿತ್ತಲ್ಲ? ಮೂಟೆಮೂಟೆ ಗೆಡ್ಡೆ ಅಗೆದು ಪೇಟೆಗೆ ಸಾಗಿಸಿದ, ಮೂತ್ರಪಿಂಡಕ್ಕೆ ಮದ್ದು ಅಂತ. ಇಡೀ ಬೆಟ್ಟದ ತುಂಬ ಇದ್ದದ್ದು ಈಗ ಹತ್ತೊಂಬತ್ತು ಬಳ್ಳಿ. ಇವತ್ತಿಂದ ಹದಿನೆಂಟು."

"ಗೆಡ್ಡೆ ಇದೆಯಲ್ಲ, ಮತ್ತೆ ಚಿಗುರತ್ತೆ."

"ನಿನ್ನ ತಲೆ ಕಡಿದ್ರೂ ಚಿಗುರತ್ತಾ ನೋಡೋಣ, ಬಾ."

ನನಗೆ ನಗು ತಡೆಯಲಾಗಲಿಲ್ಲ. ನಗುವುದೂ ಕೂಡದು ಎಂದು ನೆನಪಾಗಿ ಹಟ್ಟಿಯ ಹಿಂದೆ ಓಡಿಹೋಗಿ ಬಾಯಿಗೆ ಟೋಪಿ ತುರುಕಿಕೊಂಡೆ.

ಸೆಪ್ಟೆಂಬರ್ 2, ಬುಧವಾರ

ಮಳೆ. ರೊಟ್ಟಿ. ಮುಳ್ಳು. ಯಾರೂ ಬರಲಿಲ್ಲ.

ಸೆಪ್ಟೆಂಬರ್ 9, ಬುಧವಾರ

ಅತ್ತೆಯ ಗುಟ್ಟು ಗೊತ್ತಾಯಿತು.

ದಿನಾ ಸಂಜೆ ಕಾಫಿ ಕುಡಿಯುವಾಗ ಅವಳು ಟ್ರಾನ್ಸಿಸ್ಟರ್ ಮುಂದೆ ಮಣೆ ಹಾಕಿಕೊಂಡು ಕೂರುತ್ತಾಳೆ. ನಾಲ್ಕು ದಿನದಿಂದ ಅದು ಮಾತಾಡಿಲ್ಲ. ಬ್ಯಾಟರಿ ಸತ್ತಿದೆ. ಆದರೂ ಅತ್ತೆ ಕೂತು ಆಗಾಗ ತಲೆಯಾಡಿಸುತ್ತಿದ್ದಳು. ಇವತ್ತು ಬ್ಯಾಟರಿ ಹೊರತೆಗೆದು ಅವಳ ಕೈಗಿಟ್ಟೆ. ಸ್ವಲ್ಪ ಹೊತ್ತು ನೋಡಿದಳು.

"ಸತ್ತೋಯ್ತಾ? ಯಾವಾಗ?"

ನಾಲ್ಕು ಬೆರಳು ತೋರಿಸಿದೆ.

"ಮೂರು ವರ್ಷ ಆಯ್ತು" ಅಂದಳು, ಬ್ಯಾಟರಿಗಲ್ಲ, ತನ್ನ ಕಿವಿಗೆ. "ಹತ್ರ ನಿಂತು ಗಟ್ಟಿಯಾಗಿ ಹೇಳಿದ್ರೆ ಬಲಗಿವಿಗೆ ಕೇಳತ್ತೆ. ಇಲ್ಲಾಂದ್ರೆ ತುಟಿ ನೋಡ್ತೀನಿ. ಎಲೊಯ್ ಮೀಸೆ ಬಿಟ್ಟಾಗಿಂದ ಅವನು ಏನಂತಾನೋ ದೇವರಿಗೇ ಗೊತ್ತು, ಅದಕ್ಕೇ ಮೊದಲು ನಾನೇ ಬೈದುಬಿಡ್ತೀನಿ. ಈ ಪೆಟ್ಟಿಗೆ ಮುಂದೆ ಕೂತ್ರೆ ಯಾರೂ ಮಾತಾಡ್ಸೋಕೆ ಬರಲ್ಲ. ಅಂಪಾರೊಗೆ ಹೇಳಿಬಿಟ್ಟೀಯ, ಜೋಕೆ. ಊರಿಗೆ ಎಳ್ಕೊಂಡು ಹೋಗ್ತಾಳೆ."

ಆಮೇಲೆ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ನೀನು ಯಾರಿಗೆ ಹೇಳ್ತೀಯ!"

ಅತ್ತೆ ನಕ್ಕದ್ದನ್ನು ನಾನು ಇವತ್ತೇ ನೋಡಿದ್ದು. ಅಂದರೆ ಮೂರು ವರ್ಷದಿಂದ ನನ್ನ ತಮಾಷೆಗಳು ಅವಳಿಗೆ ಕೇಳಿಸಿಯೇ ಇಲ್ಲ! ಅದಕ್ಕೆ ಮುಂಚೆ ಯಾಕೆ ನಗಲಿಲ್ಲ ಅನ್ನುವುದು ಬೇರೆ ವಿಷಯ.

ಸೆಪ್ಟೆಂಬರ್ 11, ಶುಕ್ರವಾರ

ಬೇಲಿ ಯಾಕೆ ಎಂದು ಈಗ ತಿಳಿಯಿತು. ಅತ್ತೆಗೆ ಹದಿನೆಂಟು ಬಳ್ಳಿಗಳ ಬೀಜ ಹೆಕ್ಕಿ ಬೇಲಿಯೊಳಗೆ ಬಿತ್ತಬೇಕು. ಕಷ್ಟ ಏನೆಂದರೆ ಈ ಕಾಯಿ ಕೈಗೆ ಸಿಗುವ ಜಾತಿಯಲ್ಲ. ಒಂದು ದಿನ ಮೊದಲು ಕಿತ್ತರೆ ಬೀಜ ಎಳೆಯದು, ಮೊಳೆಯುವುದಿಲ್ಲ. ಒಂದು ದಿನ ತಡವಾದರೆ ನಡುಹಗಲ ಬಿಸಿಲಿಗೆ ಸಿಪ್ಪೆ ತಿರುಚಿಕೊಂಡು ಸಿಡಿದು, ಬೀಜ ಮಾರುದೂರ ಹಾರಿ ಕಲ್ಲುಸಂದಿ ಸೇರುತ್ತದೆ. ಒಂದು ಬಳ್ಳಿಯಲ್ಲಿ ಮೊದಲ ಕಾಯಿ ಸಿಡಿದದ್ದು ಕೇಳಿಸಿದರೆ ಉಳಿದವನ್ನು ಅದೇ ಮಧ್ಯಾಹ್ನ ಬಿಡಿಸಿಕೊಳ್ಳಬೇಕು.

"ಮುಂಚೆ ನಾನು ಇಲ್ಲಿ ಕೂತೇ ಯಾವ ಬಳ್ಳಿ ಅಂತ ಹೇಳ್ತಿದ್ದೆ. ಹೋದ ಎರಡು ವರ್ಷ ಒಂದು ಹಿಡೀನೂ ಸಿಗಲಿಲ್ಲ. ನಿನಗೆ ಬಾಯಿಲ್ಲ, ನನಗೆ ಕಿವಿಯಿಲ್ಲ. ನಿನ್ನ ಕಿವಿ ಕೊಡು."

ನನಗೆ ಕಿವಿ ಇದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ 20, ಭಾನುವಾರ

ಎಲೊಯ್ ಬಂದಿದ್ದ. ಹದಿನಾರನೇ ತಾರೀಖು ಸ್ವಾತಂತ್ರ್ಯದ ದಿನದ ಓಟಕ್ಕೆ ಹೊಸಬರು ಯಾರೋ ಮೈಕು ಹಿಡಿದಿದ್ದಾರಂತೆ.

"ಯಾರು ಅಂತ ಮಾತ್ರ ಕೇಳ್ಬೇಡ, ಆಣೆ ಹಾಕ್ಸಿದಾರೆ. ಆದ್ರೆ ನಿಕಾ, ಬೇಜಾರ್ ಮಾಡ್ಕೋಬೇಡ, ಜನ ಎದ್ದು ನಿಂತು ಕೇಳಿದ್ರು. ಕುದುರೆ ಹೊಟ್ಟೆಯೊಳಗೇ ಕೂತು ಹೇಳ್ದಂಗಿತ್ತು. ನೀನು ನಿನ್ನ ವಿಷಯ ಹೇಳ್ತಿದ್ದೆ. ಇದು ಓಟದ ವಿಷಯ."

ಯಾರಿರಬಹುದು? ಕಟುಕ ಫೆರ್ಮಿನ್‌ಗೆ ಮೂಗಿನ ದನಿ. ಶಾಲೆಯ ಮೇಷ್ಟ್ರಿಗೆ ಕುದುರೆ ಕಂಡರೆ ಭಯ. ಇಡೀ ದಿನ ಓಕ್ ಮರದ ಕೆಳಗೆ ಕೂತು ಊರಿನ ಒಬ್ಬೊಬ್ಬ ಗಂಡಸನ್ನೂ ನಿಲ್ಲಿಸಿ ವಿಚಾರಣೆ ಮಾಡಿದೆ. ಹಲ್ಲು ಕಡಿದದ್ದಕ್ಕೆ ದವಡೆ ನೋಯುತ್ತಿದೆ.

ನನ್ನ ಮುಖ ನೋಡಿ ಅತ್ತೆ ಗೋಧಿರೊಟ್ಟಿಗೆ ಒಣಮಾಂಸ, ಕಾಡುಮೆಣಸು ಜಜ್ಜಿ ಹಾಕಿಕೊಟ್ಟಳು. "ತಿನ್ನು. ಹೊಟ್ಟೆಕಿಚ್ಚಿಗೆ ಖಾರವೇ ಮದ್ದು."

ಸೆಪ್ಟೆಂಬರ್ 25, ಶುಕ್ರವಾರ

ಕೇಳಿಸಿತು!

ಮಧ್ಯಾಹ್ನ ಒಂದು ಗಂಟೆ ಇರಬಹುದು. ಆರು ದಿನದಿಂದ ಕೂತು ಕೂತು ಗಾಳಿಗೆ ಓಕ್ ಎಲೆ ಉಜ್ಜುವುದು ಬೇರೆ, ಹಲ್ಲಿ ಓಡುವುದು ಬೇರೆ, ಕಾಯಿ ತಿನ್ನುವ ನೀಲಿಹಕ್ಕಿ ಸಿಪ್ಪೆ ಬಿಸಾಕುವುದು ಬೇರೆ ಎಂದು ಗೊತ್ತಾಗಿತ್ತು. ಇದು ಅವೊಂದೂ ಅಲ್ಲ. ಬೆರಳು ನೆಟಿಕೆ ತೆಗೆದ ಹಾಗೆ ಚಟ್ ಅಂದಿತು, ಹಿಂದೆಯೇ ಒಣಗಿದೆಲೆಗಳ ಮೇಲೆ ಬೀಜ ಬಿದ್ದ ಸಣ್ಣ ಸದ್ದು. ಎದ್ದು ಓಡಿ ಅತ್ತೆಯ ಭುಜ ಹಿಡಿದು ಎಳೆದುಕೊಂಡು ಬಂದೆ.

"ಯಾವುದು? ಪಾದ್ರಿಯಾ?"

ಬಳ್ಳಿಗಳಿಗೆಲ್ಲ ಊರವರ ಹೆಸರಿಟ್ಟಿದ್ದಾಳೆ. ನೆಟ್ಟಗೆ ಹತ್ತಿರುವುದು ಪಾದ್ರಿ, ಎರಡು ಮರ ಅಪ್ಪಿಕೊಂಡಿರುವುದು ಫೆರ್ಮಿನ್‌ನ ಹೆಂಡತಿ. ಅಲ್ಲ ಎಂದು ತಲೆಯಾಡಿಸಿ ಬಂಡೆಯ ಪಕ್ಕದ್ದನ್ನು ತೋರಿಸಿದೆ.

"ಓ, ನಿಕಾನೊರ್!" ಅಂದಳು.

ನಾನು ನನ್ನ ಎದೆಗೆ ಬೆರಳಿಟ್ಟು ಹುಬ್ಬೇರಿಸಿದೆ.

"ಹೂಂ, ನೀನೇ. ಎಲ್ಲಕ್ಕಿಂತ ಮುಂಚೆ ಅದೇ ಬಾಯಿ ಬಿಡೋದು. ಹಣ್ಣಾಗಿದ್ದರೂ ಬಿಡತ್ತೆ, ಆಗದಿದ್ದರೂ ಬಿಡತ್ತೆ."

ಇನ್ನೂರ ಹನ್ನೊಂದು ಕಾಯಿ ಬಿಡಿಸಿದೆವು. ಸುಲಿದರೆ ಬೀಜ ಕಂದು, ಮೇಲೆ ಕಪ್ಪು ಚುಕ್ಕೆ. ಅಂಗೈಯಲ್ಲಿ ಬೆಚ್ಚಗಿತ್ತು.

ಅಕ್ಟೋಬರ್ 5, ಸೋಮವಾರ

ಹನ್ನೆರಡು ಬಳ್ಳಿ ಮುಗಿದವು. ಇವತ್ತು ಎರಡು ಬಳ್ಳಿ ಒಟ್ಟಿಗೇ ಸಿಡಿಯತೊಡಗಿ, ನಾನೊಂದು ಅತ್ತೆಯೊಂದು ಎಂದು ಹಂಚಿಕೊಂಡೆವು. ಅವಳು ನನಗಿಂತ ಬೇಗ ಬಿಡಿಸಿ ಬಂದು ನನ್ನ ಬುಟ್ಟಿಗೆ ಇಣುಕಿ "ಇಷ್ಟೇನಾ?" ಅಂದಳು. ಬೆಟ್ಟದವರೆಯ ಒಂದು ಹಿಡಿಯನ್ನು ರುಚಿಗೆಂದು ಬೇಯಲಿಟ್ಟಿದ್ದಾಳೆ. ಬೆಳಗಿನಿಂದ ಬೇಯುತ್ತಿದೆ, ಇನ್ನೂ ಕಲ್ಲು. ಕುದಿದ ನೀರನ್ನು ಎರಡು ಸಲ ಚೆಲ್ಲಬೇಕಂತೆ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದಂತೆ.

ಎಲೊಯ್ ಬಂದು ಹಬ್ಬದ ಸಿಹಿರೊಟ್ಟಿ ಕೊಟ್ಟ. ಯಾವ ಹಬ್ಬ ಎಂದು ಕಣ್ಣಲ್ಲೇ ಕೇಳಿದೆ. ನಿನ್ನೆ ಸಂತ ಫ್ರಾನ್ಸಿಸ್ಕೊ ಹಬ್ಬ! ವರ್ಷದ ದೊಡ್ಡ ಓಟ! ಆ ಹೊಸಬರೇ ಮತ್ತೆ ಮೈಕು ಹಿಡಿದರಂತೆ. ಅವನು ಹೇಳುತ್ತಿರುವಾಗಲೇ ಮೇಲಿನ ಬಳ್ಳಿಯಲ್ಲಿ ಚಟ್ ಅಂದಿತು. ಎದ್ದು ಹೋದೆ. ಅವನ ಮಾತು ಎಲ್ಲಿಗೆ ನಿಂತಿತೋ ಗೊತ್ತಿಲ್ಲ.

ಅಕ್ಟೋಬರ್ 6, ಮಂಗಳವಾರ

ಬರೆದುಬಿಡಬೇಕು.

ಬೆಳಗಿನಿಂದ ಬೆಟ್ಟದ ನೆತ್ತಿಯ ಮೇಲೆ ಕಪ್ಪು ಮೋಡ ಕೂತಿತ್ತು. ಇಲ್ಲಿ ಮಾತ್ರ ಬಿಸಿಲು. ಅತ್ತೆ ಕಣಿವೆಯ ತಳದಲ್ಲಿ, ಒಣಗಿದ ಹೊಳೆಯ ಪಾತ್ರದಲ್ಲಿ ನಿಂತು ಅಂಚಿನ ಬಳ್ಳಿಯ ಕಾಯಿ ಬಿಡಿಸುತ್ತಿದ್ದಳು. ಹನ್ನೊಂದು ದಿನದ ಬೀಜದ ಚೀಲವನ್ನು ಅಲ್ಲೇ ಬಂಡೆಯ ಮೇಲೆ ಇಟ್ಟುಕೊಂಡಿದ್ದಳು. ಎಲ್ಲಿ ಹೋದರೂ ಅದನ್ನು ಬಿಡುವವಳಲ್ಲ. ನಾನು ಮೇಲೆ ಇಳಿಜಾರಿನ ಮರದ ಕೆಳಗೆ ಕಿವಿಗೊಟ್ಟು ಕೂತಿದ್ದೆ.

ಮೊದಲು ನೀಲಿಹಕ್ಕಿಗಳು ಸುಮ್ಮನಾದವು. ಆಮೇಲೆ ದೂರದಲ್ಲಿ ರೈಲು ಬಂದ ಹಾಗೆ. ಈ ಬೆಟ್ಟದಲ್ಲಿ ರೈಲೆಲ್ಲಿ? ಮೇಲೆ ಸುರಿದ ಮಳೆಯೆಲ್ಲ ಹೊಳೆ ಹಿಡಿದು ಬರುತ್ತಿತ್ತು. ಅತ್ತೆ ಬೆನ್ನು ಹಾಕಿ ನಿಂತಿದ್ದಳು.

"ಅತ್ತೇ!"

ಕೂಗಿಬಿಟ್ಟೆ. ಏಳು ವಾರ ಒಳಗಿದ್ದ ದನಿ ಪೂರ್ತಿ ಹೊರಬಂತು, ಎದುರುಬೆಟ್ಟಕ್ಕೆ ಬಡಿದು ಮೂರು ಸಲ ವಾಪಸ್ ಬಂತು. ಅತ್ತೆ ತಿರುಗಲಿಲ್ಲ. ಹೇಗೆ ತಿರುಗಿಯಾಳು? ಇನ್ನೊಮ್ಮೆ ಕೂಗಿದೆ. ಆಗ ಬುದ್ಧಿ ಬಂತು. ಜಾರಿದೆ, ಉರುಳಿದೆ, ಮುಳ್ಳಿನ ಮೇಲೆ ಬಿದ್ದೆ, ಹೋಗಿ ಸೊಂಟಕ್ಕೆ ಕೈಹಾಕಿ ಹಿಟ್ಟಿನ ಚೀಲದ ಹಾಗೆ ಹೆಗಲಿಗೆ ಎತ್ತಿಕೊಂಡೆ. ಅತ್ತೆ ಕೋಲಿನಿಂದ ನನ್ನ ಬೆನ್ನಿಗೆ ಬಾರಿಸುತ್ತಿದ್ದರು. "ಹುಚ್ಚು ಹಿಡಿತೇನೋ! ಇಳಿಸು! ಚೀಲ! ನನ್ನ ಚೀಲ!"

ದಡ ಹತ್ತಿದೆ. ಹಿಂದೆಯೇ ಕೆಂಪು ನೀರು ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬಂತು. ಬಂಡೆ ಕಾಣಲಿಲ್ಲ. ಚೀಲವೂ ಕಾಣಲಿಲ್ಲ.

ಅತ್ತೆ ನೀರನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಗಂಟಲು ಹಿಡಿದುಕೊಂಡಿದ್ದೆ.

"ಕೂಗಿದ್ಯಾ?"

ಹೌದೆಂದು ತಲೆಯಾಡಿಸಿದೆ.

"ಅಯ್ಯೋ ಕತ್ತೆ, ಕಿವುಡೀನ ಯಾರಾದ್ರೂ ಕೂಗ್ತಾರಾ?" ಎಂದು ನಕ್ಕರು, ನಗುನಗುತ್ತಲೇ ಅತ್ತರು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಮುಳ್ಳು ಕೀಳತೊಡಗಿದರು.

ಅಕ್ಟೋಬರ್ 7, ಬುಧವಾರ

ಗಂಟಲು ಉರಿ. ಉಗುಳಿನಲ್ಲಿ ಒಂದೆಳೆ ರಕ್ತ. ಇನ್ನು ಐದೇ ದಿನ ಇತ್ತು. ಹೋಯಿತು ಅಂತ ಕಾಣುತ್ತದೆ.

ಅತ್ತೆ ಜೇನು ಕುಡಿಸಿದರು. ಎರಡು ದಿನ ಅವರು ಬಳ್ಳಿಯ ಕಡೆ ಹೋಗಬಾರದು, ಕಾಲು ಉಳುಕಿದೆ. ಕಾಲಿಗೆ ಎಲೆ ಕಟ್ಟಿದೆ.

ಅಕ್ಟೋಬರ್ 9, ಶುಕ್ರವಾರ

ಹೊಳೆಯ ವಿಷಯ ಎಲೊಯ್‌ಗೆ ಹೇಗೆ ತಿಳಿಯಿತೋ, ಬೆಳಗ್ಗೆಯೇ ಬಂದ. ಮಚ್ಚೆ ಹಸುವನ್ನು ಮನೆಯಲ್ಲೇ ಕಟ್ಟಿಹಾಕಿ ಬಂದಿದ್ದಾನೆ. ಮೀಸೆ ಬೋಳಿಸಿದ್ದಾನೆ!

ಟೋಪಿ ತಿರುವುತ್ತ ಅತ್ತೆಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದ: "ಅಜ್ಜಿ, ನಮ್ಮಪ್ಪ ಅಗೆದ. ನಾನು ಹೆಕ್ತೀನಿ. ಮೇಲಿನ ಐದು ಬಳ್ಳಿ ಉಳಿದಿವೆಯಲ್ಲ?"

ಅತ್ತೆ ಅವನ ತುಟಿ ನೋಡಿಕೊಂಡೇ ಇದ್ದರು. ನನ್ನ ಕಡೆ ತಿರುಗಿ, "ಅಂದ್ರೆ ಹೇಳಿಬಿಟ್ಟೆ ನನ್ನ ಗುಟ್ಟು!" ಅಂದರು. ಹೌದು, ನಾನು ಮೊನ್ನೆ ಸೋಮವಾರವೇ ಎಲೊಯ್‌ಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ಮೀಸೆ ತೆಗಿ, ಅವರಿಗೆ ತುಟಿ ಕಾಣಲಿ.

ಬೈಗುಳ ಬೀಳುತ್ತದೆ ಅಂದುಕೊಂಡೆ. "ಮೀಸೆಯಿಲ್ಲದೆ ನೀನು ಕೋಳಿಮರಿ ಹಾಗೆ ಕಾಣ್ತೀಯ. ಬುಟ್ಟಿ ತಗೋ" ಅಂದರು ಎಲೊಯ್‌ಗೆ.

ಮಧ್ಯಾಹ್ನ ನಾವಿಬ್ಬರೂ ಬೇರೆ ಬೇರೆ ಬಂಡೆಯ ಮೇಲೆ ಕೂತು ಕಿವಿಗೊಟ್ಟೆವು. ಎಲೊಯ್ ಮಾತು ಶುರುಮಾಡಿದ. ತುಟಿಗೆ ಬೆರಳಿಟ್ಟು ಸುಮ್ಮನಾಗಿಸಿದೆ. ಒಬ್ಬ ಮಾತಾಡಿದರೆ ಇನ್ನೇನೂ ಕೇಳುವುದಿಲ್ಲ, ಅಷ್ಟೂ ಗೊತ್ತಾಗುವುದಿಲ್ಲ ಕೆಲವರಿಗೆ.

ಅಕ್ಟೋಬರ್ 12, ಸೋಮವಾರ

ಎಂಟು ವಾರ ಇವತ್ತಿಗೆ ಮುಗಿಯಿತು. ಅಂಪಾರೊ ಬಂದಿದ್ದಾಳೆ. ಕಾಫಿ ಡಬ್ಬಿಯಲ್ಲಿ ಮುಕ್ಕಾಲು ಭಾಗ ಬೀಜ ತುಂಬಿದೆ, ಮೇಲಿನ ಐದು ಬಳ್ಳಿಗಳದ್ದು.

ನಾನು ಬಾಯಿ ತೆಗೆಯಲಿಲ್ಲ. ಡಾಕ್ಟರು ನೋಡುವವರೆಗೂ ಬೇಡ ಅನಿಸಿತು. ಅತ್ತೆ ಮಗಳಿಗೆ ತನ್ನ ಕಿವಿಯ ವಿಷಯ ತಾನೇ ಹೇಳಿದರು, ಹೊಳೆಯ ವಿಷಯವನ್ನೂ. ಸಂಜೆ ಬೇಲಿಯ ಪಕ್ಕ ಕೂತಾಗ ಅಂಪಾರೊ ಹೇಳಿದಳು:

"ಒಂದು ಮಾತು ಹೇಳ್ಬೇಕು. ಸಿಟ್ಟಾಗ್ಬೇಡ. ಮೈಕು ಹಿಡಿದದ್ದು ನಾನು."

ನಾನು ಊರಿನ ಗಂಡಸರನ್ನೆಲ್ಲ ವಿಚಾರಣೆ ಮಾಡಿದ್ದೆ!

"ಹದಿನಾರಕ್ಕೆ ಯಾರೂ ಸಿಗಲಿಲ್ಲ. ಫೆರ್ಮಿನ್ ಎರಡು ಕುದುರೆ ಹೆಸರು ಹೇಳಿ ಓಡಿಹೋದ. ಹದಿನೇಳು ವರ್ಷ ನಿನ್ನ ಪಕ್ಕ ಕೂತು ಕುದುರೆ ಯಾವುದು, ಸವಾರ ಯಾರು, ಅದರ ತಾಯಿ ಯಾವುದು ಅಂತ ಚೀಟೀಲಿ ಬರೆದು ಕೊಡ್ತಿದ್ದವಳು ನಾನಲ್ವಾ? ಮೊದಲನೇ ಓಟದಲ್ಲಿ ದನೀನೇ ಬರ್ಲಿಲ್ಲ. ಎರಡನೇದರಲ್ಲಿ ಆ ಬೂದು ಹೆಣ್ಣುಕುದುರೆ ಹಿಂದಿಂದ ಬಂತು ನೋಡು, ಆಗ ನಾನಿದೀನಿ ಅನ್ನೋದೇ ಮರೆತೋಯ್ತು..."

ಹೇಳುತ್ತಲೇ ಹೋದಳು. ಒಂದೊಂದು ಓಟ, ಒಂದೊಂದು ತಿರುವು. ಕೈ ಬೀಸಿದಳು, ಎದ್ದು ನಿಂತಳು, ಬೂದು ಕುದುರೆ ಮೂಗು ಮುಂದೆ ಚಾಚಿದ್ದನ್ನು ತನ್ನ ಮೂಗಿನಲ್ಲೇ ತೋರಿಸಿದಳು. ನನಗೆ ಎಲ್ಲ ಕಂಡಿತು. ಎಪ್ಪತ್ತೆರಡರ ಓಟದಲ್ಲೂ ಗೆದ್ದದ್ದು ಕಪ್ಪು ಕುದುರೆಯೇ ಅಂತೆ. ಅವಳು ಆಗಲೇ ಚೀಟಿ ಕೊಟ್ಟಿದ್ದಳಂತೆ, ನಾನು ನೋಡಲಿಲ್ಲವಂತೆ.

"ನಿನ್ನ ಗಂಟಲು ಸರಿಯಾದ್ಮೇಲೆ ನಿನ್ನ ಮೈಕು ನಿನಗೇ" ಎಂದು ಕೊನೆಗೆ ಹೇಳಿ ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು.

ಅಕ್ಟೋಬರ್ 15, ಗುರುವಾರ

ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿದರು. "ಮಾತಾಡು" ಅಂದರು.

"ಏನು ಮಾತಾಡಲಿ?" ಅಂದೆ. ನನ್ನದೇ ದನಿ! ಸ್ವಲ್ಪ ತುಕ್ಕು ಹಿಡಿದಿತ್ತು, ಅಷ್ಟೇ.

"ಚೆನ್ನಾಗಿದೆ. ಕರುವಿನ ಗಂಟಲು."

ಹೊಳೆಯ ದಿನ ಕೂಗಿದ್ದನ್ನು ಒಪ್ಪಿಕೊಂಡೆ. ಅವರು ನಕ್ಕರು. "ಆಗಲೇ ಏಳು ವಾರ ಆಗಿತ್ತಲ್ಲ? ಗಾಯ ಮಾಗೋಕೆ ಎರಡು ವಾರ ಸಾಕು. ಉಳಿದ ಆರು ವಾರ ನಿನ್ನ ಸ್ವಭಾವ ನೋಡಿ 'ಇರಲಿ' ಅಂತ ಸೇರಿಸಿದ್ದೆ. ಇನ್ನು ಓಟಕ್ಕೆ ಹೋಗು, ಎಷ್ಟು ಬೇಕಾದರೂ ಕೂಗು."

ಹೊರಗೆ ಬೆಂಚಿನ ಮೇಲೆ ಅಂಪಾರೊ ಕೂತಿದ್ದಳು. ಮಡಿಲಲ್ಲಿ ಒಂದು ಚೀಟಿ, ಮುಂದಿನ ತಿಂಗಳ ಓಟದ ಕುದುರೆಗಳ ಹೆಸರು ಬರೆಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮಡಚಿ ಇಟ್ಟಳು.

"ಏನಂದ್ರು?"

ನಾನು ದನಿಯನ್ನು ಬೇಕೆಂದೇ ಗೊಗ್ಗರು ಮಾಡಿದೆ. "ಮಾತಾಡ್ಬಹುದಂತೆ. ಕೂಗೋ ಹಾಗಿಲ್ಲವಂತೆ. ಇನ್ನೆಂದಿಗೂ ಮೈಕು ಬೇಡ ಅಂದ್ರು."

ಅವಳು ನನ್ನ ಕೈ ಹಿಡಿದುಕೊಂಡು "ಅಯ್ಯೋ ನಿಕಾ" ಅಂದಳು. ಸಂತೋಷ ಅಡಗಿಸುವುದು ಅವಳಿಗೆ ಬರುವುದಿಲ್ಲ, ಪಾಪ. ಕಿವಿ ಕೆಂಪಾಗಿತ್ತು.

ನವೆಂಬರ್ 20, ಶುಕ್ರವಾರ

ಕ್ರಾಂತಿದಿನದ ಓಟ. ಅತ್ತೆಯನ್ನು ಹೇಸರಗತ್ತೆಯ ಮೇಲೆ ಊರಿಗೆ ಕರೆತಂದಿದ್ದೆ. ಬೇಲಿಯ ಪಕ್ಕದ ಬೆಂಚಿನಲ್ಲಿ ಜನರ ನಡುವೆ ಕೂತೆವು. ಬೆಂಚಿನಿಂದ ಓಟ ನೋಡಿ ನನಗೆ ಇಪ್ಪತ್ತು ವರ್ಷವಾಗಿತ್ತು. ಕುದುರೆಗಳು ಇಷ್ಟು ಚೆನ್ನಾಗಿ ಓಡುತ್ತವೆಂದು ತಿಳಿದಿರಲಿಲ್ಲ.

ಅಂಪಾರೊ ಹೇಳುತ್ತಿದ್ದಳು. ಎಲೊಯ್ ಅಂದದ್ದು ನಿಜ.

"ಏನಂತಿದಾಳೆ?" ಅತ್ತೆ ನನ್ನ ತೋಳು ಚಿವುಟಿದರು.

ಅವರ ಬಲಗಿವಿಗೆ ಬಾಯಿಟ್ಟು ಹೇಳಿದೆ: "ಬೂದು ಕುದುರೆ ಹಿಂದಿದೆ, ಆದ್ರೆ ಕಿವಿ ನಿಮಿರಿಸಿದೆ ಅಂತಿದಾಳೆ."

"ಆಂ? ಗಟ್ಟಿಯಾಗಿ ಹೇಳೋ! ಗಲಾಟೇಲಿ ಕೇಳಲ್ಲ."

"ಬೂದು ಕುದುರೆ! ಹಿಂದಿದೆ!"

"ಯಾರು ಹಿಂದಿದಾರೆ?"

"ಬೂದು ಕುದುರೆ ಹಿಂದಿಂದ ಬರ್ತಿದೆ ಅತ್ತೇ, ನೋಡಿ, ಬಂತು, ಬಂತು, ಬಂತೂ!"

ಮೈದಾನದ ಆ ತುದಿಯವರೂ ತಿರುಗಿ ನೋಡಿದರು. ಹೇಸರಗತ್ತೆ ಹೆದರಿ ಹಗ್ಗ ಕಿತ್ತುಕೊಂಡಿತು. ನಾನು ಬಾಯಿ ಮುಚ್ಚಿದಾಗ ತಡವಾಗಿತ್ತು. ಆಮೇಲೆ ಅಂಪಾರೊಳ ದನಿ ಬಹಳ ಗಂಭೀರವಾಗಿ ಬಂತು:

"ಗೆದ್ದದ್ದು ಬೂದು ಕುದುರೆ. ಮುಂದಿನ ಓಟಕ್ಕೆ ಮುಂಚೆ ಒಂದು ವಿನಂತಿ. ಬೇಲಿ ಪಕ್ಕ ಕೂತಿರೋ, ಡಾಕ್ಟರು ಕೂಗಬೇಡ ಅಂದಿರೋ ಮಹಾಶಯರು ದಯವಿಟ್ಟು ಗಂಟಲು ಜೋಪಾನ ಮಾಡ್ಕೋಬೇಕು. ಸಂಜೆ ಮನೇಲಿ ಅವರು ಉತ್ತರ ಕೊಡೋದು ಬಹಳ ಇದೆ."

ಇಡೀ ಮೈದಾನ ನಕ್ಕಿತು. "ಏನಂದ್ಳು? ಏನಂದ್ಳು?" ಎಂದು ಅತ್ತೆ ಕೇಳುತ್ತಲೇ ಇದ್ದರು. ಅವರಿಗೆ ಹೇಳಲು ನನಗೆ ದನಿಯೇ ಬರಲಿಲ್ಲ, ಅಷ್ಟು ನಗು.

ಜುಲೈ 17, 1988, ಭಾನುವಾರ

ಬರೆಯದೆ ಎಂಟು ತಿಂಗಳಾಯಿತು. ಪುರುಸೊತ್ತಿರಲಿಲ್ಲ. ಓಟದ ದಿನ ಬಿಟ್ಟು ಉಳಿದ ದಿನ ನಾನು ಬೆಟ್ಟದಲ್ಲೇ ಹೆಚ್ಚು.

ಮೊದಲ ಮಳೆಗೆ ಬೇಲಿಯೊಳಗೆ ಬಿತ್ತಿದ್ದೆವು. ಒಂದೊಂದು ಬೀಜವನ್ನೂ ಕಲ್ಲಿಗೆ ಉಜ್ಜಿ ಸಿಪ್ಪೆ ತೆಳುಮಾಡಿ ಊರಿದ್ದು ಅತ್ತೆ. ಇವತ್ತು ಬೆಳಗ್ಗೆ ಅಂಪಾರೊ ಮೊದಲು ನೋಡಿ ಕೂಗಿದಳು. ಮೂವತ್ತೊಂದು ಮೊಳಕೆ. ಹೊಳೆ ಕೊಚ್ಚಿಕೊಂಡು ಹೋದ ಚೀಲದ್ದೂ ಕೆಳಗೆಲ್ಲೋ ಮರಳಿನಲ್ಲಿ ಹುಟ್ಟಿವೆಯಂತೆ, ಎಲೊಯ್ ಏಳು ಮೊಳಕೆ ನೋಡಿ ಸುತ್ತ ಕಲ್ಲಿಟ್ಟು ಬಂದಿದ್ದಾನೆ.

ಅತ್ತೆ ಮಣ್ಣಿನಲ್ಲಿ ಮಂಡಿಯೂರಿ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ಗೆಡ್ಡೆ ತೋಳಿನ ಗಾತ್ರ ಆಗೋಕೆ ಇಪ್ಪತ್ತು ವರ್ಷ ಬೇಕು" ಅಂದರು. "ಕಾಯಿ ಬಿಡೋಕೆ ಎರಡೋ ಮೂರೋ. ಅಷ್ಟರಲ್ಲಿ ನನಗೆ ಈ ಬಲಗಿವೀನೂ ಹೋಗಿರತ್ತೆ. ಸಿಡಿದಾಗ ನೀನೇ ಕೇಳಿಸ್ಕೊಂಡು ಹೇಳ್ಬೇಕು."

ಹೂಂ ಅಂದೆ. ಅವರು ಮೊಳಕೆಯ ಮೇಲೆ ಬಗ್ಗಿದ್ದರು, ಕೇಳಿಸಲಿಲ್ಲ. ಎದುರಿಗೆ ಹೋಗಿ ಕೂತು, ಅವರು ತಲೆಯೆತ್ತುವವರೆಗೆ ಕಾದು, ಮತ್ತೊಮ್ಮೆ ಹೂಂ ಅಂದೆ.